ಬೆಳ್ಳಯ್ಯ ಕೆರೆ ಅಂಚಲ್ಲಿ ನಿಂತ ಕತೆ

ಲೋಕ ಆಗಿನ್ನೂ ಹಸಿಹಸಿ. ಬೆಟ್ಟಗಳು ಒಣಗಿರ್ಲಿಲ್ಲ, ಬೆರಳಲ್ಲಿ ಒತ್ತಿದ್ರೆ ಗುಳಿ ಬೀಳೋದು. ಹೊಳೆಗಳಿಗೆ ಯಾವ ಕಡೆ ಹರೀಬೇಕು ಅನ್ನೋದು ರೂಢಿ ಆಗಿರ್ಲಿಲ್ಲ. ಒಂದಿನ ಹಿಂಗೆ ಹರಿಯೋವು, ಮಾರ್ನೇ ದಿನ ಹಂಗೆ ಹರಿಯೋವು. ಇದನ್ನ ಪುಸ್ತಕದಲ್ಲಿ ಹುಡುಕೋಕೆ ಹೋಗ್ಬೇಡ, ಸಿಗಲ್ಲ. ಪುಸ್ತಕ ಬರ್ದೋರು ಯಾರೂ ಆಗ ಹುಟ್ಟಿರ್ಲಿಲ್ಲ. ಸುಮ್ನೆ ಕೂತ್ಕೊಂಡು ಕೇಳು.

ಆಗ ನೀರ ಹಕ್ಕಿಗಳೆಲ್ಲ ಒಂದೇ ಹಿಂಡು. ಹೆಬ್ಬಾತು, ಸಣ್ಣ ಬಾತು, ಕೊಕ್ಕರೆ, ಎಲ್ಲಾ ಒಟ್ಟಿಗೇ ಹಾರೋವು. ಬಿಸಿಲು ಕಾಲ ಬಂದ್ರೆ ಬಡಗಲ ಕಡೆ ಹಿಮದ ಬೆಟ್ಟದ ಆಚೆಗೆ ಹೋಗಿ ಮರಿ ಮಾಡೋವು. ಚಳಿ ಬಂದ್ರೆ ತೆಂಕಲಿಗೆ, ನಮ್ಮ ದೊಡ್ಡ ಕೆರೆಗೆ ಬರೋವು. ಆ ಕೆರೇನ ಯಾರೂ ಕಟ್ಟಿದ್ದಲ್ಲ. ಕಟ್ಟೋಕೆ ಮನುಷ್ಯ ಎಲ್ಲಿದ್ದ? ಅದು ತಾನಾಗೇ ಹುಟ್ಟಿದ್ದು.

ಆ ಹಿಂಡಿನ ಮುಂದಾಳು ಬೆಳ್ಳಯ್ಯ. ಕೊಕ್ಕರೆ ಜಾತಿ. ಕೊಕ್ಕಿಂದ ಬಾಲದವರ್ಗೂ ಬಿಳುಪು. ಆಗ ತಾನೇ ಕರೆದ ಹಾಲಿನ ನೊರೆ ನೋಡಿದೀಯಲ್ಲ, ಹಂಗೆ. ಅವನು ಕುತ್ಗೆ ಚಾಚಿ ಹಾರಿದ ಅಂದ್ರೆ ಗಾಳಿ ಎರಡು ಸೀಳಾಗಿ ದಾರಿ ಬಿಡೋದು. ಹಿಮದ ಬೆಟ್ಟದಲ್ಲಿ ಹಾದಿ ಎಲ್ಲಿದೆ ಅಂತ ಮೊದಲು ಕಂಡುಹಿಡಿದೋನೂ ಅವನೇ, ಅದೂ ಇನ್ನೂ ಮರಿಯಾಗಿದ್ದಾಗ್ಲೇ. ಅವನಿಗಿಂತ ಮುಂಚೆ ಆ ಬೆಟ್ಟ ದಾಟಿದ ರೆಕ್ಕೆ ಇರ್ಲಿಲ್ಲ.

ಹಿಂಡಿನ ಕೊನೇಲಿ ಪುಟ್ಟೀರಿ ಅಂತ ಒಂದು ಹೆಬ್ಬಾತು. ತಲೆ ಮೇಲೆ ಎರಡು ಕರೀ ಪಟ್ಟೆ, ಬಾಯಿ ಸ್ವಲ್ಪ ಜೋರು. ಬೆಳ್ಳಯ್ಯ ಮೊಟ್ಟೆ ಒಡ್ಕೊಂಡು ಬಂದ ದಿನ ಅವನ ತಾಯಿ ಮಳೇಲಿ ಕೊಚ್ಚಿ ಹೋಗಿದ್ಲು. ಪಕ್ಕದ ಜೊಂಡಲ್ಲಿದ್ದ ಪುಟ್ಟೀರಿ, ತಾನೇ ಇನ್ನೂ ಚಿಕ್ಕೋಳು, ಅವನ್ನ ರೆಕ್ಕೆ ಕೆಳಗೆ ಹಾಕ್ಕೊಂಡು ಸಾಕಿದ್ಲು. ಅವನಿಗೆ ಅವಳು ಅಕ್ಕ. ಅವಳಿಗೆ ಅವನು ‘ಲೋ ಬೆಳ್ಳ’. ಹಿಂಡೆಲ್ಲ ಬೆಳ್ಳಯ್ಯ ಅಂದ್ರೂ ಅವಳು ಮಾತ್ರ ‘ಲೋ ಬೆಳ್ಳ’.

ಹಾರೋವಾಗ ಒಂದು ಕಟ್ಟಳೆ ಇತ್ತು. ಮುಂದಾಳು ಹಿಂದೆ ತಿರುಗಿ ನೋಡೋ ಹಂಗಿಲ್ಲ. ಅವನು ಕತ್ತು ತಿರುಗಿಸಿದ್ರೆ ಹಿಂಡಿಗೆ ಹಿಂಡೇ ವಾಲುತ್ತೆ. ಮತ್ತೆ ಹಿಂದೆ ಬರೋರ ಸುದ್ದಿ ಅವನಿಗೆ ಗೊತ್ತಾಗೋದು ಹೆಂಗೆ? ಕೂಗಿಂದ. ಮುಂದಾಳು ‘ಇದ್ದೀರಾ?’ ಅಂತ ಕೂಗೋನು. ಆ ಕೂಗು ಒಬ್ರಿಂದ ಒಬ್ರಿಗೆ ದಾಟ್ಕೊಂಡು ಬಾಲದವರ್ಗೂ ಹೋಗೋದು. ಬಾಲದಲ್ಲಿರೋ ಪುಟ್ಟೀರಿ ಎಲ್ಲಾರ್ನೂ ನೋಡಿ, ‘ಇದ್ದೀವಿ’ ಅಂತಾನೋ, ‘ಇಬ್ರಿಗೆ ರೆಕ್ಕೆ ಸೋತಿದೆ, ಇಳೀಬೇಕು’ ಅಂತಾನೋ ಹೇಳೋಳು. ಅದು ಬಾಯಿಂದ ಬಾಯಿಗೆ ಮುಂದಕ್ಕೆ ಬರೋದು. ಬೆಳ್ಳಯ್ಯನ ಬೆನ್ನಿಗೇ ಹಾರ್ತಿದ್ದ ಮಾಯಿಗ ಅನ್ನೋ ಬಾತು ಕೊನೇಗೆ ಅವನ ಕಿವಿಗೆ ಮುಟ್ಟಿಸೋನು.

ಮೊದಮೊದಲು ಬೆಳ್ಳಯ್ಯ ಎಂಥಾ ಮುಂದಾಳು ಗೊತ್ತಾ? ಇಳೀರಿ ಅಂದ್ರೆ ಇಳಿಯೋನು. ಒಂದ್ಸಲ ಒಂದು ಮರಿಗೋಸ್ಕರ ಎರಡು ದಿನ ಬಂಡೆ ಮೇಲೆ ನಿಂತಿದ್ದ. ಆಲಿಕಲ್ಲು ಬಿತ್ತು, ತನ್ನ ರೆಕ್ಕೆ ಬಿಚ್ಚಿ ಅದರ ಮೇಲೆ ಹಿಡಿದಿದ್ದ. ಅವನಿಗೆ ಆವಾಗ ಬೇಕಾಗಿದ್ದು ಒಂದೇ. ಬೆನ್ನ ಹಿಂದೆ ಅಷ್ಟೂ ರೆಕ್ಕೆಗಳ ಸದ್ದು. ಸರ್ ಸರ್ ಅಂತ, ಮಳೆ ದೂರದಿಂದ ಬಂದ ಹಂಗೆ. ಅದನ್ನ ಕೇಳ್ಕೊಂಡು ಹಾರೋವಾಗ ಅವನಿಗೆ ಹಸಿವೂ ಇಲ್ಲ, ದಣಿವೂ ಇಲ್ಲ.

ಕೆಡಿಸಿದ್ದು ಹೊಗಳಿಕೆ. ಕೆರೆ ಹೊಗಳ್ತು, ‘ಬೆಳ್ಳಯ್ಯ ಬಂದ್ರೇನೇ ನನಗೆ ಚಳಿಗಾಲ’ ಅಂತು. ಹೊಳೆ ಹೊಗಳ್ತು. ಕೆರೆ ದಂಡೇಲಿದ್ದ ಮಿಂಚುಳ್ಳಿ, ಅದು ಎಲ್ಲಾರ್ನೂ ಹೊಗಳೋ ಹಕ್ಕಿ, ‘ಹೋದ್ಸಲ ಒಂಬತ್ತು ದಿನಕ್ಕೆ ಬಂದ್ರಿ, ಈ ಸಲ ಎಂಟು! ಯಜಮಾನ್ರು ಒಬ್ರೇ ಆಗಿದ್ರೆ ನಾಲ್ಕೇ ದಿನ ಸಾಕು ಬಿಡಿ’ ಅಂತು.

ಆ ಮಾತು ಬೆಳ್ಳಯ್ಯನ ತಲೇಲಿ ಕೂತ್ಬಿಡ್ತು. ಹೌದಲ್ಲ, ನಾಲ್ಕೇ ದಿನ. ಮಿಕ್ಕ ನಾಲ್ಕು ದಿನ ಯಾರಿಂದ ಹೋಯ್ತು?

ಅಲ್ಲಿಂದ ‘ಇಳೀಬೇಕು’ ಅನ್ನೋ ಮಾತು ಕೇಳಿದ್ರೆ ಅವನಿಗೆ ಮೈ ಉರಿಯೋಕೆ ಶುರು ಆಯ್ತು. ಒಂದ್ಸಲ ಮಾಯಿಗ ಹಿಂದಿಂದ ಬಂದ ಸುದ್ದೀನ ಮುಟ್ಟಿಸ್ದ.

‘ಯಜಮಾನ್ರೆ, ಹಿಂದೆ ಮೂರು ಜನಕ್ಕೆ ಸುಸ್ತಂತೆ.’

‘ಸುಸ್ತು ಅವರಿಗೋ, ನಿನಗೋ?’

‘ಅವರಿಗೇ, ಯಜಮಾನ್ರೆ. ಪುಟ್ಟೀರಕ್ಕ ಹೇಳಿ ಕಳಿಸಿದ್ದು.’

‘ಅವಳು ಹೇಳೋದು, ನೀನು ತರೋದು! ನಿನಗೆ ಬೇರೆ ಕೆಲ್ಸ ಇಲ್ವೇನೋ? ನನ್ನ ಬೆನ್ನಿಗೆ ಕೆಟ್ಟ ಸುದ್ದಿ ಹೊತ್ಕೊಂಡು ಬರೋದಾದ್ರೆ ಬಾಲಕ್ಕೆ ಹೋಗಿ ಸೇರ್ಕೊ. ಅಲ್ಲಿ ಗಾಳಿ ತಿನ್ನು.’

ಮಾಯಿಗ ಸಂಸಾರಸ್ಥ. ಮುಂದಾಳಿನ ಬೆನ್ನಿಗೆ ಹಾರೋನಿಗೆ ಗಾಳಿ ಕಮ್ಮಿ, ಹಾರಾಟ ಸುಲಭ. ಆ ಜಾಗ ಕಳ್ಕೊಳ್ಳೋಕೆ ಅವನಿಗೆ ಇಷ್ಟ ಇರ್ಲಿಲ್ಲ. ಅವತ್ತಿಂದ ಹಿಂದಿಂದ ಏನೇ ಬರ್ಲಿ, ಮುಂದಕ್ಕೆ ಅವನು ‘ಇದ್ದೀವಿ’ ಅಂತಾನೇ ಹೇಳೋನು. ಅವನ ಹಿಂದಿನೋರೂ ಅದನ್ನ ಕಲಿತ್ರು. ಅವರ ಹಿಂದಿನೋರೂ ಕಲಿತ್ರು.

ಪುಟ್ಟೀರಿಗೆ ಮಾತ್ರ ಇದು ತಿಳೀಲಿಲ್ಲ. ಅವಳು ಬಾಲದಲ್ಲಿ ಗಂಟ್ಲು ಹರ್ಕೊಂಡು ಕೂಗ್ತಾನೇ ಇದ್ಲು.

ಆ ವರ್ಷ ಬಡಗಲ ಕಡೆ ಚಳಿ ಬೇಗ ಬಂತು. ಹೊರಡೋ ದಿನ ಬೆಳಗ್ಗೆ ಬೆಳ್ಳಯ್ಯ ಎಲ್ಲಾರ್ನೂ ಕರೆದು ಹೇಳ್ದ, ‘ಈ ಸಲ ನಾಲ್ಕೇ ದಿನ. ನಡುವೆ ಎಲ್ಲೂ ಇಳಿಯಲ್ಲ.’

ಪುಟ್ಟೀರಿ ಅವನ ಹತ್ರ ಬಂದ್ಲು. ‘ಲೋ ಬೆಳ್ಳ, ಈ ಸಲ ಮರಿಗಳು ಜಾಸ್ತಿ. ರೆಕ್ಕೆ ಇನ್ನೂ ಬಲಿತಿಲ್ಲ ಕಣೋ.’

‘ನಾನು ಮರಿಯಾಗಿದ್ದಾಗ ಇದೇ ಬೆಟ್ಟ ದಾಟ್ಲಿಲ್ವಾ?’

‘ದಾಟ್ದೆ. ಹದಿನೇಳು ಸಲ ಇಳಿದ್ವಿ. ನೀನೇ ಅತ್ತು ಇಳಿಸಿದ್ದು. ಮರ್ತು ಹೋಯ್ತಾ?’

ಸುತ್ತ ಇದ್ದೋರು ಕಿಸಕ್ ಅಂತ ನಕ್ರು. ಆ ನಗು ಬೆಳ್ಳಯ್ಯನಿಗೆ ಮುಳ್ಳಿನಂಗೆ ಚುಚ್ಚಿತು. ಅವನು ಕುತ್ಗೆ ನೆಟ್ಟಗೆ ಮಾಡಿ, ಅಕ್ಕನ ಮುಖ ನೋಡ್ದಲೇ ಹೇಳ್ದ, ‘ನಿನಗೆ ವಯಸ್ಸಾಯ್ತು. ಆಗಲ್ಲ ಅಂದ್ರೆ ಇಲ್ಲೇ ಇರು.’

ಪುಟ್ಟೀರಿ ಮರಿಗಳನ್ನ ಮುಂದೆ ಬಿಟ್ಕೊಂಡು ತನ್ನ ಜಾಗಕ್ಕೆ ಹೋದ್ಲು. ಬಾಲಕ್ಕೆ.

ಹೊರಟ್ರು. ಬೆಳ್ಳಯ್ಯನೂ ಸೇರಿ ಒಟ್ಟು ನಲವತ್ತೊಂದು ಹಕ್ಕಿ. ಮೊದಲ್ನೇ ದಿನ ಬೆಳ್ಳಯ್ಯ ‘ಇದ್ದೀರಾ?’ ಅಂದ. ‘ಇದ್ದೀವಿ’ ಅಂತ ಬಂತು. ಎರಡ್ನೇ ದಿನ ಬೆಟ್ಟದ ನೆತ್ತಿ ಮೇಲೆ ‘ಇದ್ದೀರಾ?’ ಅಂದ. ‘ಇದ್ದೀವಿ, ಇದ್ದೀವಿ’ ಅಂತ ಇನ್ನೂ ಜೋರಾಗಿ ಬಂತು. ಅವನಿಗೆ ಖುಷಿ. ನೋಡ್ದಾ, ಆಗಲ್ಲ ಅಂದ್ರಲ್ಲ, ಹೆಂಗಾಯ್ತು!

ಬಾಲದಲ್ಲಿ ಪುಟ್ಟೀರಿ ಏನು ಕೂಗ್ತಿದ್ಲು ಅಂದ್ರೆ, ‘ನಿಲ್ಸೋ ಬೆಳ್ಳ, ಏಳು ಜನ ಸೋತ್ರು! ನಿಲ್ಸೋ, ಹನ್ನೊಂದು ಜನ!’ ಆ ಕೂಗು ಅರ್ಧ ಹಿಂಡಿನವರ್ಗೂ ಬಂದು, ಅಲ್ಲಿ ‘ಇದ್ದೀವಿ’ ಆಗ್ಬಿಡೋದು.

ಮೂರ್ನೇ ದಿನ ಗಾಳಿ ಬಂದು ಬೆಳ್ಳಯ್ಯನ ಪಕ್ಕ ಹಾರ್ತು. ‘ಏನ್ ಬೆಳ್ಳಯ್ಯ, ನನ್ನ ಮೇಲೆ ಭಾರ ಕಮ್ಮಿ ಆದಂಗಿದೆ ಕಣಯ್ಯ. ಹಿಂದೆ ಒಂದ್ಸಲ ನೋಡ್ಕೊ.’

‘ಮುಂದಾಳು ಹಿಂದೆ ನೋಡಲ್ಲ’ ಅಂದ ಬೆಳ್ಳಯ್ಯ.

‘ಕಟ್ಟಳೆ ಗೊತ್ತು ಕಣಯ್ಯ. ಆದ್ರೂ ನೋಡು.’

‘ಕೇಳ್ಸಲ್ವಾ ನಿನಗೆ? ಇದ್ದೀವಿ ಅಂತ ಅಷ್ಟು ಜೋರಾಗಿ ಕೂಗ್ತಾ ಇದ್ದಾರೆ.’

ಗಾಳಿ ನಿಟ್ಟುಸಿರು ಬಿಡ್ತು. ಗಾಳಿ ನಿಟ್ಟುಸಿರು ಬಿಟ್ರೆ ಹೆಂಗಿರುತ್ತೆ? ಕೆಳಗೆ ಒಂದು ಕಾಡು ಪೂರ್ತಿ ಬಗ್ಗಿ ಎದ್ದಿತು.

ನಾಲ್ಕನೇ ದಿನ ಹೊತ್ತು ಇಳಿಯೋಕೆ ಮುಂಚೆ ದೊಡ್ಡ ಕೆರೆ ಕಾಣಿಸ್ತು. ಬೆಳ್ಳಯ್ಯ ರೆಕ್ಕೆ ಬಿಗಿ ಹಿಡಿದು, ಒಂದು ಸುತ್ತು ಹಾಕಿ, ನೀರಿನ ಮೇಲೆ ಗೀರು ಎಳ್ದಂಗೆ ಇಳಿದ. ‘ನಾಲ್ಕೇ ದಿನ!’ ಅಂದ.

ಕೆರೆ ನಗ್ತಾ ಅಲೆ ಎಬ್ಬಿಸ್ತು. ಆಮೇಲೆ ಅಲೆ ನಿಂತೋಯ್ತು. ‘ಬಾರಪ್ಪ ಬೆಳ್ಳಯ್ಯ. ಮಿಕ್ಕೋರೆಲ್ಲಿ?’ ಅಂತ ಕೇಳ್ತು.

ಆವಾಗ ಅವನು ಹಿಂದೆ ತಿರುಗ್ದ.

ಅವನ ಹಿಂದೆ ಹತ್ತು ಹಕ್ಕಿ ಇದ್ವು. ಅದರಾಚೆಗೆ ಬರೀ ಆಕಾಶ.

‘ಮಾಯಿಗ’ ಅಂದ. ಮತ್ತೆ ಕರೆದ, ‘ಮಾಯಿಗ, ಇದ್ದೀವಿ ಅಂದ್ಯಲ್ಲೋ!’

ಮಾಯಿಗ ನೀರಲ್ಲಿ ಮುಖ ಅದ್ದಿ ತೆಗೆದ. ‘ಇದ್ದೀರಾ ಅಂತ ಕೇಳಿದ್ರಿ. ನಾವು ಇದ್ವಲ್ಲ, ಯಜಮಾನ್ರೆ.’

‘ಅಕ್ಕ?’

‘ಎರಡ್ನೇ ದಿನಾನೇ ಸೋತೋರ ಜೊತೆ ಕೆಳಗೆ ಇಳಿದ್ಲು. ನಿಮಗೆ ಹೇಳಿ ಅಂತ ಕೂಗಿದ್ಲು. ಹೇಳೋರ್ಗೆ ಏನಾಗುತ್ತೆ ಅನ್ನೋದು ನಿಮಗೇ ಗೊತ್ತು.’

ಬೆಳ್ಳಯ್ಯ ಮಾಯಿಗನ್ನ ಕುಕ್ಕಿ ಸಾಯಿಸ್ಬೇಕಿತ್ತು. ಕುಕ್ಕಲಿಲ್ಲ. ಕುಕ್ಕೋಕೆ ಕೊಕ್ಕೇ ಏಳ್ಲಿಲ್ಲ.

ಮಾರ್ನೇ ದಿನ ಬೆಳಗ್ಗೆ ಅವರನ್ನ ಹುಡುಕೋಕೆ ಅಂತ ಹೊರಟ. ‘ಯಾರು ಬರ್ತೀರಿ?’ ಅಂದ. ಹತ್ತು ಹಕ್ಕೀಲಿ ಒಂದೂ ರೆಕ್ಕೆ ಬಿಚ್ಚಲಿಲ್ಲ. ಒಬ್ಬನೇ ಎದ್ದ. ಆಚೆ ಗುಡ್ಡದವರ್ಗೂ ಹಾರ್ದ. ಅಲ್ಲಿ ಅವನಿಗೆ ಒಂದು ತಿಳೀತು. ಬೆನ್ನ ಹಿಂದೆ ಸದ್ದು ಇಲ್ದೆ ಹಾರೋದು ಅವನಿಗೆ ಬರ್ತಿರ್ಲಿಲ್ಲ. ಹುಟ್ಟಿದಾಗಿಂದ ಸರ್ ಸರ್ ಅನ್ನೋ ಆ ಸದ್ದಿನ ಮುಂದೇನೇ ಹಾರಿದ್ದ. ಈಗ ಹಿಂದೆ ಏನೂ ಇಲ್ಲ. ಇದ್ದೀರಾ ಅಂತ ಕೂಗ್ದ. ಕೂಗು ಹೋಯ್ತು, ತಿರುಗಿ ಬರ್ಲಿಲ್ಲ. ರೆಕ್ಕೆ ತಡವರಿಸ್ತು. ಗುಡ್ಡದ ಮೇಲೆ ಕೂತು, ಸುಧಾರಿಸ್ಕೊಂಡು, ವಾಪಸ್ ಬಂದ. ಮತ್ತೆ ಹೋದ. ಮತ್ತೆ ಗುಡ್ಡದಿಂದಲೇ ವಾಪಸ್ ಬಂದ.

ಆಮೇಲೆ ಕೆರೆ ಅಂಚಲ್ಲಿ, ಕೆಸರಲ್ಲಿ, ಜೊಂಡಿನ ಪಕ್ಕ ನಿಂತ. ಬಡಗಲ ಕಡೆ ಮುಖ ಮಾಡಿ ನಿಂತ.

ಮಿಂಚುಳ್ಳಿ ಬಂತು. ‘ಏನ್ ಯಜಮಾನ್ರೆ, ನಾಲ್ಕೇ ದಿನಕ್ಕೆ ಬಂದ್ಬಿಟ್ರಿ! ನಲವತ್ತು ಹಕ್ಕಿ ಹೊತ್ಕೊಂಡು ಬರೋಕಿಂತ ಹತ್ತು ಹಗುರ ಅಲ್ವಾ?’ ಅಂತು. ಹೊಗಳಿದ ಬಾಯೇ ಅದು. ಉದ್ದ ಕುತ್ಗೆ ಮೇಲಕ್ಕಿದ್ರೆ ಎಲ್ಲಾರ್ಗೂ ಗುರುತು ಸಿಗುತ್ತೆ ಅಂತ ಬೆಳ್ಳಯ್ಯ ಅದನ್ನ ಹೆಗಲೊಳಕ್ಕೆ ಎಳ್ಕೊಂಡ. ಇನ್ನೊಂಚೂರು ಎಳ್ಕೊಂಡ.

ದಿನ ಕಳೀತು. ಬಯಲ ಧೂಳು, ಕೆರೆ ಕೆಸರು, ಒಣಗಿದ ಜೊಂಡಿನ ಪುಡಿ ಅವನ ಬೆನ್ನ ಮೇಲೆ ಕೂತ್ವು. ಕೊಡವ್ಲಿಲ್ಲ. ಕೊಡವಿದ್ರೆ ಆ ಗಳಿಗೇಲಿ ಆಕಾಶ ತಪ್ಪಿ ಹೋದ್ರೆ? ಮೋಡ ಒಂದು ಕಪ್ಪಗೆ ಕಂಡ್ರೆ ಅಕ್ಕ ಅನ್ಕೊಳ್ಳೋನು. ಮೋಡ ಹತ್ರ ಬರೋದು, ಬರೀ ಮೋಡ ಆಗೋದು. ಮಧ್ಯಾಹ್ನ ನೀರಲ್ಲಿ ತನ್ನ ನೆರಳು ನೋಡಿದ್ರೆ ಹೊರಡೋ ದಿನ ನಕ್ಕಿದ್ದೋರ ಮುಖ ಕಾಣೋದು. ಅಷ್ಟು ಜನ ಒಂದ್ಸಲ ನಕ್ರೆ ನಾನೇನು ಕರಗಿ ಹೋಗ್ತಿದ್ನಾ ಅನ್ಕೊಳ್ಳೋನು. ಈಗ ಅದೇ ನಗು ಇನ್ನೊಂದು ಸಲ ಕೇಳ್ಸಿದ್ರೆ ಸಾಕು ಅನ್ನಿಸೋದು.

ಹದಿನಾಲ್ಕನೇ ದಿನ ಬೆಳಗ್ಗೆ ಅವನಿಗೆ ಕೇಳ್ಸಿತು. ದೂರದ ಮಳೆ ಬಂದಂಗೆ, ಸರ್ ಸರ್.

ಬಂದ್ರು. ಮುಂದೆ ಒಂದು ಎಳೇ ಹೆಬ್ಬಾತು, ಹೋದ ವರ್ಷ ಹುಟ್ಟಿದ್ದು. ಸ್ವಲ್ಪ ದೂರ ಹಾರಿ ಅದು ಪಕ್ಕಕ್ಕೆ ಸರೀತು. ಇನ್ನೊಂದು ಮುಂದಕ್ಕೆ ಬಂತು. ಅದೂ ಸರೀತು, ಮತ್ತೊಂದು ಬಂತು. ಬೆಳ್ಳಯ್ಯ ಅಂಥಾದ್ದನ್ನ ಯಾವತ್ತೂ ನೋಡಿರ್ಲಿಲ್ಲ. ದಾರಿ ಉದ್ದಕ್ಕೂ ಎಲ್ಲಾರೂ ಕೂಗ್ತಾ ಇದ್ರು, ಬಾಯಿಗೊಂದು ಮಾತು. ‘ಸುಸ್ತಾಯ್ತು’, ‘ನೀನು ಪಕ್ಕಕ್ಕೆ ಸರಿ, ನಾನು ಬರ್ತೀನಿ’, ‘ಎಡಕ್ಕೆ ಬಾ’, ‘ಪಾಪಣ್ಣಿ ಹಿಂದೆ ಬಿದ್ದ, ನಿಧಾನ’. ಮೂವತ್ತು ಜನ ಹಿಂದೆ ಉಳಿದಿದ್ರು. ಬಂದೋರು ಇಪ್ಪತ್ತೆಂಟು. ಇಬ್ರು ಮರಿಗಳು ಬರ್ಲಿಲ್ಲ.

ಪುಟ್ಟೀರಿ ಅವನ ತಲೆ ಮೇಲೇ ಹಾದು ಹೋದ್ಲು. ಗುರುತು ಸಿಗ್ಲಿಲ್ಲ. ಕೆಸರು ಬಣ್ಣದ ಹಕ್ಕಿ ಯಾವುದೋ ನಿಂತಿದೆ ಅನ್ಕೊಂಡ್ಲು. ಬೆಳ್ಳಯ್ಯ ‘ಅಕ್ಕ’ ಅಂತ ಕರೀಬೋದಿತ್ತು. ಗಂಟ್ಲವರ್ಗೂ ಬಂತು. ಮಾಯಿಗ ನೋಡ್ತಾ ಇದ್ದ, ಮಿಂಚುಳ್ಳಿ ನೋಡ್ತಾ ಇತ್ತು. ನುಂಗ್ಕೊಂಡ.

ಹೊತ್ತು ಏರಿದ ಮೇಲೆ ಅವಳೇ ಹುಡುಕ್ಕೊಂಡು ಬಂದ್ಲು. ಕೆಸರಲ್ಲಿ ಪಚಕ್ ಪಚಕ್ ಅಂತ ನಡ್ಕೊಂಡು ಬಂದು, ಅವನ ಪಕ್ಕ ನಿಂತ್ಲು.

‘ಲೋ ಬೆಳ್ಳ, ಏನೋ ಇದು ನಿನ್ನ ಅವತಾರ? ಸ್ನಾನ ಮಾಡಿ ಎಷ್ಟು ದಿನ ಆಯ್ತೋ?’

ಅವನು ನಗೋಕೆ ಹೋದ. ನಗು ಬರ್ಲಿಲ್ಲ. ‘ಇಬ್ರು ಬರ್ಲಿಲ್ವಂತೆ’ ಅಂದ.

‘ಬರ್ಲಿಲ್ಲ.’

‘ನಾನು ಕೇಳ್ದೆ ಅಕ್ಕ. ಇದ್ದೀರಾ ಅಂತ ಪ್ರತಿ ಸಲಾನೂ ಕೇಳ್ದೆ.’

‘ಕೇಳ್ದೆ. ಏನು ಉತ್ತರ ಬರ್ಬೇಕು ಅಂತಾನೂ ನೀನೇ ಕಲಿಸಿದ್ದೆ.’

ಬೆಳ್ಳಯ್ಯ ಕೊಕ್ಕಲ್ಲಿ ಕೆಸರು ಕೆದಕ್ದ. ಆಮೇಲೆ ಅವನು ಮೆಲ್ಲಗೆ ಕೇಳ್ದ, ‘ವಾಪಸ್ ಹೋಗೋವಾಗ ಮುಂದೆ ಯಾರು?’

‘ಯಾರೂ ಇಲ್ಲ. ಎಲ್ಲಾರೂ. ಉಸಿರು ಇರೋಷ್ಟು ಹೊತ್ತು ಒಬ್ಬೊಬ್ರು.’

‘ಹಾದಿ ಕಂಡುಹಿಡಿದಿದ್ದು ನಾನು.’

‘ಯಾರು ಇಲ್ಲ ಅಂದ್ರು? ನಿನ್ನ ಹಾದೀಲೇ ಬಂದಿದ್ದು.’ ಪುಟ್ಟೀರಿ ಅವನ ಬೆನ್ನ ಮೇಲಿದ್ದ ಒಂದು ಜೊಂಡಿನ ಎಳೆ ಕಿತ್ತು ಹಾಕಿದ್ಲು. ‘ನನಗೆ ವಯಸ್ಸಾಯ್ತು. ನೀನೇ ಹೇಳಿದ್ದು. ಬಾಲದ ಜಾಗ ನಿನಗೆ ಬಿಟ್ಕೊಡ್ತೀನಿ. ಬಾ. ಎಲ್ಲಾರ್ನೂ ನೋಡ್ಕೊಂಡು ಬರೋ ಜಾಗ ಅದು. ಸೋತೋರು ಯಾರು ಅಂತ ಕೂಗಿ ಹೇಳೋನು ಬೇಕು ನಮಗೆ.’

ಬೆಳ್ಳಯ್ಯನಿಗೆ ಹೂಂ ಅನ್ಬೇಕು ಅನ್ನಿಸ್ತು. ಎದೆ ತುಂಬಾ ಹೂಂ ಇತ್ತು. ಆದ್ರೆ ಮಾಯಿಗ ಮುಂದೆ, ತಾನು ಬಾಲದಲ್ಲಿ! ನಿನ್ನೆ ಮೊನ್ನೆ ಹುಟ್ಟಿದ ಪಾಪಣ್ಣಿ ಮುಂದೆ, ತಾನು ಬಾಲದಲ್ಲಿ!

‘ನಾಳೆ ಹೇಳ್ತೀನಿ’ ಅಂದ.

ಮಾರ್ನೇ ದಿನ ಅವಳು ಬಂದು ಕೇಳಿದ್ಲು. ‘ನಾಳೆ’ ಅಂದ. ಚಳಿಗಾಲ ಪೂರ್ತಿ ಅವಳು ಬಂದ್ಲು, ಅವನು ನಾಳೆ ಅಂದ.

ಬಿಸಿಲು ಏರ್ತು. ಕೆರೆ ಸಣ್ಣಗಾಯ್ತು. ಒಂದು ಬೆಳಗ್ಗೆ ಹಿಂಡು ಹೊರಟ್ತು. ಎದ್ದು, ಸುತ್ತು ಹಾಕಿ, ಎರಡು ಕೈ ಚಾಚಿದಂಗೆ ಎರಡು ಸಾಲು ಕಟ್ಕೊಂಡ್ವು. ಪುಟ್ಟೀರಿ ಈ ಸಲ ಒಂದು ಸಾಲಿನ ಕೊನೇಲಿ ಇದ್ಲು. ಇನ್ನೊಂದು ಸಾಲಿನ ಕೊನೇಲಿ ಒಂದು ಜಾಗ ಖಾಲಿ ಬಿಟ್ಟಿದ್ರು. ‘ಬೆಳ್ಳ, ಬಾರೋ’ ಅಂತ ಮೇಲಿಂದ ಕೂಗಿದ್ಲು.

ಬೆಳ್ಳಯ್ಯ ರೆಕ್ಕೆ ಬಿಚ್ಚಿದ. ಮೈಯೆಲ್ಲ ಕೆಸರು ಬಣ್ಣ. ಮಡಚಿಟ್ಟಿದ್ದ ರೆಕ್ಕೆ ಒಳಗಡೆ ಮಾತ್ರ ಹಳೇ ಬಿಳುಪು ಹಂಗೇ ಇತ್ತು. ಕೆರೆ ಮೇಲೆ ಬೆಳ್ಳಗೆ ಬೆಳಕು ಹೊಡ್ದಂಗಾಯ್ತು. ಹಾರ್ದ. ಹತ್ತು ಮಾರು ಹಾರ್ದ. ಆವಾಗ ಕೆಳಗೆ ಮಿಂಚುಳ್ಳಿ ನಗ್ತಿರೋ ಹಂಗೆ ಅನ್ನಿಸ್ತು. ನಕ್ಕಿರ್ಲಿಲ್ಲ, ಪಾಪ, ಅದು ಮೀನು ನೋಡ್ತಾ ಇತ್ತು. ಆದ್ರೂ ಬೆಳ್ಳಯ್ಯನ ಕುತ್ಗೆ ತಾನಾಗೇ ಒಳಕ್ಕೆ ಹೋಯ್ತು. ರೆಕ್ಕೆ ಮುಚ್ಚಿ ಕೂತ್ಬಿಟ್ಟ.

ತಲೆ ಎತ್ತೋ ಹೊತ್ತಿಗೆ ಹಿಂಡು ಗುಡ್ಡದ ಆಚೆ ಹೋಗಿತ್ತು. ಸದ್ದು ಸ್ವಲ್ಪ ಹೊತ್ತು ಇತ್ತು. ಆಮೇಲೆ ಅದೂ ಇರ್ಲಿಲ್ಲ.

‘ಬರ್ತೀನಿ ಅಕ್ಕ’ ಅಂದ. ಕೆರೆಗೆ ಮಾತ್ರ ಕೇಳ್ಸಿತು.

ಪುಟ್ಟೀರಿ ಆಮೇಲೂ ಎಷ್ಟೋ ವರ್ಷ ಬಂದ್ಲು. ಅವಳ ಮೊಮ್ಮಕ್ಕಳು ಬಂದ್ರು, ಅವರ ಮೊಮ್ಮಕ್ಕಳೂ ಬಂದ್ರು. ಸಾಲಿನ ಕೊನೇಲಿ ಖಾಲಿ ಬಿಟ್ಟ ಆ ಜಾಗಕ್ಕೆ ಬೇರೆಯೋರ್ನ ಸೇರಿಸ್ಬೇಡಿ ಅಂತ ಅವಳು ಹೇಳಿ ಹೋಗಿದ್ಲು. ಅದಕ್ಕೇ ಈಗ್ಲೂ ಚಳಿಗಾಲದಲ್ಲಿ ಹೆಬ್ಬಾತು ಬರೋವಾಗ ತಲೆ ಎತ್ತಿ ನೋಡು, ಮುಂದಿನೋನು ಸರೀತಾ ಇರ್ತಾನೆ, ಇನ್ನೊಬ್ಬ ಬರ್ತಾ ಇರ್ತಾನೆ, ಎಲ್ಲಾರೂ ಬಾಯಿ ತುಂಬಾ ಕೂಗ್ತಾ ಇರ್ತಾರೆ, ಎರಡು ಸಾಲಲ್ಲಿ ಒಂದು ಸಾಲು ಗಿಡ್ಡ ಇರುತ್ತೆ.

ಇನ್ನು ನೀನು ಕೆರೆ ಏರಿ ಮೇಲೆ ಓಡ್ಕೊಂಡು ಹೋಗೋವಾಗ, ಕೆಸರಲ್ಲಿ ಕುತ್ಗೆ ಹುದುಗಿಸ್ಕೊಂಡು ಕೂತ ಮಣ್ಣು ಬಣ್ಣದ ಕೊಕ್ಕರೆ ನಿನ್ನ ಕಾಲ್ಸಪ್ಪಳಕ್ಕೆ ತಟಕ್ಕನೆ ಬೆಳ್ಳಗಾಗಿ ಎದ್ದು, ಹತ್ತು ಮಾರು ಹಾರಿ, ಮತ್ತೆ ಮಣ್ಣು ಬಣ್ಣ ಆಗಿ ಕೂತ್ಕೊಳ್ಳುತ್ತಲ್ಲ, ಅದು ನಿನಗೆ ಹೆದರಿ ಅಲ್ಲ ಕಣೋ, ಹಿಂದೆ ಸದ್ದು ಕೇಳ್ಸಿದ ತಕ್ಷಣ ತನ್ನೋರು ಬಂದ್ರು ಅನ್ಕೊಂಡು ಏಳುತ್ತೆ.